ಗಾಳಿಯಲ್ಲಿ ಬಂದ ತುಕ್ಕು

ಗೋಧಿ ತೆನೆ ಕಟ್ಟುವ ಹೊತ್ತಿಗೆ ಕಾಂಡದ ಮೇಲೆ ಕಂದುಬಣ್ಣದ ಪುಡಿ ಕಂಡಿತೆಂದರೆ ರೈತನ ಎದೆ ಧಸಕ್ಕೆನ್ನುತ್ತದೆ. ಇದೇ ತುಕ್ಕು ರೋಗ. ಬೆರಳಿಗೆ ಅಂಟುವ ಆ ಪುಡಿಯ ಒಂದೊಂದು ಕಣವೂ ಶಿಲೀಂಧ್ರದ ಬೀಜಕಣ. 1946–47ರಲ್ಲಿ ಈ ರೋಗ ಮಧ್ಯ ಭಾರತದ ಗೋಧಿಯನ್ನು ಹಾಳುಗೆಡವಿತು.

ವರ್ಷ ವರ್ಷವೂ ಇದು ಬರುವುದೆಲ್ಲಿಂದ? ಹೊಲದ ಕೂಳೆಯಿಂದಲೇ? ಆಗ್ರಾ ಕಾಲೇಜಿನ ಸಸ್ಯವಿಜ್ಞಾನಿ ಕೆ. ಸಿ. ಮೆಹ್ತಾ 1920ರ ದಶಕದಲ್ಲಿ ಈ ಪ್ರಶ್ನೆಯ ಬೆನ್ನು ಹತ್ತಿದರು. ಬಯಲಿನ ಬೇಸಿಗೆಯ ಕಾವಿಗೆ ಬೀಜಕಣ ಉಳಿಯುವುದಿಲ್ಲ. ಉತ್ತರದ ಹಿಮಾಲಯ, ದಕ್ಷಿಣದ ನೀಲಗಿರಿ ಮತ್ತು ಪಳನಿ ಬೆಟ್ಟಗಳ ತಂಪಿನಲ್ಲಿ ಮಾತ್ರ, ಅಲ್ಲಿನ ಗೋಧಿಯ ಮೇಲೆ, ತಾನಾಗಿ ಮೊಳೆತ ಗಿಡಗಳ ಮೇಲೆ, ಅದು ವರ್ಷವಿಡೀ ಜೀವ ಹಿಡಿದಿರುತ್ತದೆ ಎಂದು ಅವರು ತೋರಿಸಿದರು.

ಹಾಗಾದರೆ ಬೆಟ್ಟದಿಂದ ಬಯಲಿಗೆ ತಂದವರು ಯಾರು? ಗಾಳಿ. ಆದರೆ ಕಣ್ಣಿಗೆ ಕಾಣದ ಕಣಕ್ಕೆ ಸಾಕ್ಷಿ ಬೇಕಲ್ಲ! ಅಮೆರಿಕದ ಮಿನೆಸೋಟಾದಲ್ಲಿ ಸ್ಟಾಕ್‌ಮನ್ ಮತ್ತು ಸಂಗಡಿಗರು 1921ರಲ್ಲಿ ಅಂಟು ಸವರಿದ ಗಾಜಿನ ಪಟ್ಟಿಗಳನ್ನು ವಿಮಾನದಿಂದ ಗಾಳಿಗೆ ಒಡ್ಡಿದರು. ಸಾವಿರಾರು ಅಡಿ ಎತ್ತರದಲ್ಲೂ ತುಕ್ಕಿನ ಕಣಗಳು ಅಂಟಿಕೊಂಡವು. ಮೆಹ್ತಾ ಅವರೂ ಇಂಥ ಪಟ್ಟಿಗಳಿಂದ ನಮ್ಮ ನಾಡಿನ ಗಾಳಿಯನ್ನು ಪರೀಕ್ಷಿಸಿದರು.

ಬರಿಯ ಪಟ್ಟಿಗೆ ಒಂದು ಕೊರತೆಯಿತ್ತು: ಎಷ್ಟು ಗಾಳಿಯಲ್ಲಿ ಎಷ್ಟು ಕಣ ಎಂದು ಅದು ಹೇಳದು. 1952ರಲ್ಲಿ ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೇಂದ್ರದ ಹರ್ಸ್ಟ್ ಒಂದು ಯಂತ್ರ ಮಾಡಿದರು. ಅದು ನಿಮಿಷಕ್ಕೆ 10 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಒಳಗಿನ ಗಾಜು ಗಂಟೆಗೆ 2 ಮಿಲಿಮೀಟರ್ ಸರಿಯುತ್ತದೆ. ಯಾವ ಗಂಟೆಯಲ್ಲಿ ಎಷ್ಟು ಕಣ ಹಾರಾಡಿತು ಎಂಬ ಲೆಕ್ಕ ಸಿಕ್ಕಿತು. ಆದರೂ ಸೂಕ್ಷ್ಮದರ್ಶಕದಲ್ಲಿ ಕಂಡ ಕಣ ಬದುಕಿದೆಯೋ ಸತ್ತಿದೆಯೋ ಎಂಬುದು ಸುಲಭವಾಗಿ ತಿಳಿಯದು. ಅದಕ್ಕೇ ಗಾಜಿನ ಜೊತೆಗೆ ಗಿಡವನ್ನೂ ನೋಡಬೇಕು.

1970ರ ದಶಕದಲ್ಲಿ ಎಸ್. ನಾಗರಾಜನ್ ಮತ್ತು ಸಹೋದ್ಯೋಗಿಗಳು ಹವಾಮಾನದ ನಕ್ಷೆಗಳನ್ನು ಈ ಲೆಕ್ಕಕ್ಕೆ ಜೋಡಿಸಿದರು. ನವೆಂಬರಿನ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತದ ಗಾಳಿ ದಕ್ಷಿಣದ ಬೆಟ್ಟಗಳ ಕಣಗಳನ್ನು ಉತ್ತರಕ್ಕೆ ಒಯ್ಯುತ್ತದೆ, ಮಳೆ ಅವನ್ನು ಮಧ್ಯ ಭಾರತದ ಹೊಲಗಳಿಗೆ ಇಳಿಸುತ್ತದೆ ಎಂದು ವಿವರಿಸಿದರು.

ಇದರಿಂದ ರೈತನಿಗೇನು ಪ್ರಯೋಜನ ಎನ್ನುವಿರಾ? ನೂರಾರು ಮೈಲಿ ದೂರದಿಂದ ಬಂದ ರೋಗಕ್ಕೆ ಪಕ್ಕದ ಹೊಲದವನನ್ನು ದೂರಿ ಫಲವಿಲ್ಲ. ಕೂಳೆ ಸುಟ್ಟರೂ ಸಾಲದು. ರೋಗ ತಡೆಯುವ ತಳಿ ಬಯಲಿನಲ್ಲೂ ಬೇಕು, ರೋಗ ತಂಗುವ ಬೆಟ್ಟದಲ್ಲೂ ಬೇಕು. ನೀಲಗಿರಿಯ ವೆಲ್ಲಿಂಗ್ಟನ್ ಗೋಧಿ ಸಂಶೋಧನಾ ಕೇಂದ್ರದಲ್ಲಿ ಅಂಥ ತಳಿಗಳ ಕೆಲಸ ನಡೆದುಬಂದಿದೆ. ಬೆಟ್ಟದ ಮೇಲಿನ ಒಂದು ಹಸಿರು ಪೈರಿಗೂ ಬಯಲಿನವರ ರೊಟ್ಟಿಗೂ ನಂಟಿದೆ. ಆ ನಂಟನ್ನು ನಮಗೆ ತೋರಿಸಿಕೊಟ್ಟದ್ದು ಅಂಟು ಸವರಿದ ಒಂದು ಗಾಜಿನ ಚೂರು.