ಗಾಲ್ಗಿ ಕಂಡ ಬಲೆ

ನಮ್ಮ ಮಕ್ಕಳು ವಿಜ್ಞಾನವನ್ನು ಕನ್ನಡದಲ್ಲಿ ಓದಿದರೂ ಸರಿ, ಮಲಯಾಳ, ಮರಾಠಿ, ತಮಿಳು, ತೆಲುಗಿನಲ್ಲಿ ಓದಿದರೂ ಸರಿ, ಪಠ್ಯಪುಸ್ತಕದ ಜೀವಕೋಶದ ಚಿತ್ರದಲ್ಲಿ ಗಾಲ್ಗಿ ಎಂಬ ಹೆಸರು ಇದ್ದೇ ಇರುತ್ತದೆ. ಒಂದರ ಮೇಲೊಂದು ಪೇರಿಸಿದ ನೀರುದೋಸೆಗಳ ಹಾಗೆ ಕಾಣುವ ಭಾಗ ಅದು. ಅಂಥದ್ದೊಂದು ನಿಜವಾಗಿ ಇದೆಯೇ ಎಂದು ವಿದ್ವಾಂಸರು ಐವತ್ತು ವರ್ಷಕ್ಕೂ ಹೆಚ್ಚು ಕಾಲ ವಾದ ಮಾಡಿದ್ದರು.

ಕಮಿಲ್ಲೋ ಗಾಲ್ಗಿ ಇಟಲಿಯ ವೈದ್ಯ. 1873ರಲ್ಲಿ, ಸಣ್ಣ ಊರೊಂದರ ಆಸ್ಪತ್ರೆಯಲ್ಲಿದ್ದಾಗ, ನರಗಳ ತುಣುಕನ್ನು ಮೊದಲು ಪೊಟಾಸಿಯಂ ಡೈಕ್ರೋಮೇಟಿನಲ್ಲಿಯೂ ಆಮೇಲೆ ಸಿಲ್ವರ್ ನೈಟ್ರೇಟಿನಲ್ಲಿಯೂ ನೆನೆಸಿಟ್ಟರು. ಅಲ್ಲೊಂದು ಇಲ್ಲೊಂದು ಕೋಶ ಮಾತ್ರ ಕಪ್ಪಗೆ ಎದ್ದು ಕಂಡಿತು. ಈ ಬಣ್ಣಗಾರಿಕೆಯನ್ನೇ ತಿದ್ದುತ್ತಾ ಹೋದ ಅವರಿಗೆ 1898ರಲ್ಲಿ ಗೂಬೆಯ ಕಿರುಮೆದುಳಿನ ಕೋಶಗಳೊಳಗೆ ಒಂದು ಬಲೆ ಕಂಡಿತು. ಅದಕ್ಕೆ ಒಳಬಲೆ ಎಂಬ ಅರ್ಥದ ಹೆಸರಿಟ್ಟರು.

ಸಂಶಯ ಶುರುವಾದದ್ದು ಇಲ್ಲಿಯೇ. ಅದು ಕಾಣುತ್ತಿದ್ದದ್ದು ಸತ್ತ ಕೋಶಕ್ಕೆ ಲೋಹದ ಉಪ್ಪು ಹಾಕಿದಾಗ. ಬಣ್ಣ ಬದಲಾದರೆ ಆಕಾರವೂ ಬದಲಾಗುತ್ತಿತ್ತು. ಬೆಳ್ಳಿಯ ಕಲೆಯನ್ನು ಅಂಗವೆಂದು ಭ್ರಮಿಸಿದ್ದಾರೆ ಎಂದರು ಹಲವರು. ನನಗೆ ಆ ಸಂಶಯ ತಪ್ಪೆನಿಸುವುದಿಲ್ಲ. ಕಂಡದ್ದನ್ನೆಲ್ಲ ನಂಬುವುದು ವಿಜ್ಞಾನವಲ್ಲವಲ್ಲ. 1926ರಲ್ಲಿ ಗಾಲ್ಗಿ ತೀರಿಕೊಂಡಾಗಲೂ ವಾದ ಮುಗಿದಿರಲಿಲ್ಲ. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅದನ್ನು ಇತ್ಯರ್ಥ ಮಾಡಿತು. ಗಾಲ್ಗಿ ಕಂಡದ್ದು ನಿಜವೇ ಆಗಿತ್ತು.

ಇದೆ ಎಂದಾಯಿತು. ಆದರೆ ಅದರ ಕೆಲಸವೇನು?

ಉತ್ತರ ಹುಡುಕಿದವರು ರುಮೇನಿಯಾದಿಂದ 1946ರಲ್ಲಿ ಅಮೆರಿಕಕ್ಕೆ ಬಂದ ವೈದ್ಯ ಜಾರ್ಜ್ ಪಲಾಡೆ. ಅವರು ಆರಿಸಿಕೊಂಡದ್ದು ಗಿನಿಯಿಲಿಯ ಮೇದೋಜೀರಕ ಗ್ರಂಥಿ. ಜೀರ್ಣಕ್ಕೆ ಬೇಕಾದ ಪ್ರೋಟೀನುಗಳನ್ನು ರಾಶಿ ರಾಶಿಯಾಗಿ ತಯಾರಿಸಿ ಹೊರಗೆ ಕಳಿಸುವುದೇ ಅದರ ಕಸುಬು. ಪಲಾಡೆ ಮತ್ತು ಜೇಮ್ಸ್ ಜೇಮೀಸನ್ 1967ರಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿತ್ತು. ಗ್ರಂಥಿಯ ತೆಳು ಚೂರುಗಳಿಗೆ ವಿಕಿರಣ ಸೂಸುವ ಅಮೈನೋ ಆಮ್ಲವನ್ನು ಮೂರೇ ನಿಮಿಷ ಉಣಿಸಿದರು. ಆಮೇಲೆ ಮಾಮೂಲಿಯದನ್ನು ಕೊಟ್ಟರು. ಅಂದರೆ ಆ ಮೂರು ನಿಮಿಷದಲ್ಲಿ ಹುಟ್ಟಿದ ಪ್ರೋಟೀನಿಗೆ ಮಾತ್ರ ಗುರುತು ಬಿದ್ದಿತು. ಸಂತೆಗೆ ಹೊಡೆಯುವ ಕುರಿಮಂದೆಯಲ್ಲಿ ನಾಲ್ಕಕ್ಕೆ ಬಣ್ಣ ಬಳಿದು ಹಿಂದೆ ಹಿಂದೆ ನಡೆದ ಹಾಗೆ. ಹೊತ್ತುಹೊತ್ತಿಗೆ ಒಂದೊಂದು ಚೂರನ್ನು ತೆಗೆದು, ಅದರ ಮೇಲೆ ಫೋಟೋ ಲೇಪ ಹಚ್ಚಿ, ಕಪ್ಪು ಚುಕ್ಕೆ ಎಲ್ಲೆಲ್ಲಿ ಮೂಡಿದೆ ಎಂದು ಎಣಿಸಿದರು. ಮೊದಲು ಚುಕ್ಕೆಗಳು ಬಹುಪಾಲು ರೈಬೋಸೋಮು ಅಂಟಿದ ಒರಟು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಮೇಲೆ. ಕೆಲವು ನಿಮಿಷ ಕಳೆದರೆ ಗಾಲ್ಗಿಯ ಅಂಚಿನ ಕಿರುಚೀಲಗಳಲ್ಲಿ. ಸುಮಾರು ಎರಡು ಗಂಟೆಯ ಹೊತ್ತಿಗೆ, ಹೊರಬೀಳಲು ಸಿದ್ಧವಾದ ಕಾಳುಗಳಲ್ಲಿ. ಪ್ರೋಟೀನು ದಿಕ್ಕುದೆಸೆಯಿಲ್ಲದೆ ತೇಲುವುದಿಲ್ಲ, ಚೀಲದಿಂದ ಚೀಲಕ್ಕೆ ದಾಟುತ್ತದೆ ಎಂದು ಗೊತ್ತಾಯಿತು. 1974ರಲ್ಲಿ ಪಲಾಡೆ ಅವರಿಗೆ ನೊಬೆಲ್ ಬಂತು.

ಯಾವ ಪ್ರೋಟೀನು ಈ ದಾರಿ ಹಿಡಿಯಬೇಕೆಂದು ನಿರ್ಧರಿಸುವವರು ಯಾರು? ವಿಳಾಸ ಪ್ರೋಟೀನಿನ ಮೈಮೇಲೆಯೇ ಬರೆದಿರುತ್ತದೆ ಎಂದು ಗುಂಟರ್ ಬ್ಲೋಬೆಲ್ ಮತ್ತು ಡೇವಿಡ್ ಸಬಟೀನಿ 1971ರಲ್ಲಿ ಊಹಿಸಿದರು. ಆಗ ಗಟ್ಟಿ ಪುರಾವೆ ಇರಲಿಲ್ಲ. 1975ರ ಪ್ರಯೋಗಗಳು ಅದನ್ನು ಒದಗಿಸಿದವು: ಪ್ರೋಟೀನಿನ ತಲೆಯಲ್ಲಿ ಒಂದು ಚಿಕ್ಕ ಸರಪಳಿ, ಒಳಗೆ ದಾಟಿಸಿದ ಮೇಲೆ ಕತ್ತರಿಸಿಹೋಗುವಂಥದ್ದು. ಬ್ಲೋಬೆಲ್ 1999ರ ನೊಬೆಲ್ ಹಣದ ಬಹುಪಾಲನ್ನು, ಬಾಲ್ಯದಲ್ಲಿ ತಾವು ಕಂಡಿದ್ದ, 1945ರ ಬಾಂಬಿಗೆ ಸುಟ್ಟುಹೋದ ಡ್ರೆಸ್ಡೆನ್ ನಗರದ ಪುನರ್ನಿರ್ಮಾಣಕ್ಕೆ ಕೊಟ್ಟುಬಿಟ್ಟರು.

ಚೀಲಗಳನ್ನು ನಡೆಸುವ ಜೀನುಗಳನ್ನು ಹಿಡಿದುಕೊಟ್ಟದ್ದು ಹಿಟ್ಟು ಹುದುಗಿಸುವ ಯೀಸ್ಟು. ರ‍್ಯಾಂಡಿ ಶೆಕ್ಮನ್ ಮತ್ತು ಪೀಟರ್ ನೋವಿಕ್ 1979ರಲ್ಲಿ ಕಂಡ ಒಂದು ತಳಿ ತಂಪಿನಲ್ಲಿ ಚೆನ್ನಾಗಿಯೇ ಬದುಕುತ್ತಿತ್ತು. 37 ಡಿಗ್ರಿಗೆ ಏರಿಸಿದರೆ ಒಳಗೆಲ್ಲ ಚೀಲಗಳು ಕಿಕ್ಕಿರಿದು ನಿಂತುಬಿಡುತ್ತಿದ್ದವು. ಮರುವರ್ಷದ ಹೊತ್ತಿಗೆ ಅಂಥ 23 ಜೀನುಗಳ ಲೆಕ್ಕ ಸಿಕ್ಕಿತು. ಶೆಕ್ಮನ್ ಅವರಿಗೆ ಇನ್ನಿಬ್ಬರ ಜೊತೆ 2013ರಲ್ಲಿ ನೊಬೆಲ್ ದೊರೆಯಿತು.

ಸಕ್ಕರೆ ಕಾಯಿಲೆಯ ಇನ್ಸುಲಿನ್ ಕೂಡ ನಮ್ಮ ದೇಹದಲ್ಲಿ ಇದೇ ಹಾದಿಯಲ್ಲಿ ತಯಾರಾಗುತ್ತದೆ. ಔಷಧದಂಗಡಿಯ ಇನ್ಸುಲಿನ್‌ನಲ್ಲಿ ಒಂದು ಪಾಲನ್ನು ಈಗ ಯೀಸ್ಟಿನಿಂದಲೇ ಮಾಡುತ್ತಾರೆ. ಮನುಷ್ಯನ ಜೀನನ್ನು ಅದರೊಳಗೆ ಇಟ್ಟು, ಮುಂದೆ ವಿಳಾಸದ ಸರಪಳಿಯೊಂದನ್ನು ಜೋಡಿಸಿದರೆ, ಯೀಸ್ಟು ಅದನ್ನು ಗಾಲ್ಗಿಯ ಮೂಲಕ ದಾಟಿಸಿ ತೊಟ್ಟಿಯ ದ್ರವಕ್ಕೆ ಬಿಡುತ್ತದೆ.