ಎಂಜಿ ಕಾರಿನ ಗೇರ್ ಕಥೆ: ಆಕ್ಸ್‌ಫರ್ಡಿನಿಂದ ಹಾಲೋಲ್‌ವರೆಗೆ

ಗೇರು ಅಂದ ಕೂಡಲೇ ನಮ್ಮ ಕರಾವಳಿಯವರಿಗೆ ನೆನಪಾಗುವುದು ಗೇರುಬೀಜ. ಇಲ್ಲಿ ವಡೋದರಾದ ಫತೇಗಂಜ್‌ನಲ್ಲಿ ಬೇರು ಬಿಟ್ಟಿರುವ ನನಗೆ ಈಗ ಗೇರ್ ಅಂದರೆ ಕಾರಿನದೇ. ಕಾರಣ ಇದೆ. ನಮ್ಮಲ್ಲಿಂದ ಸುಮಾರು 40 ಕಿ.ಮೀ. ದೂರದ ಹಾಲೋಲ್‌ನಲ್ಲಿ ಕಾರಿನ ಕಾರ್ಖಾನೆ ಇದೆ. 1996ರಿಂದ 2017ರವರೆಗೆ ಅಲ್ಲಿ ಜನರಲ್ ಮೋಟಾರ್ಸ್ ಕಾರು ತಯಾರಿಸಿತು. 2019ರಿಂದ ಅಲ್ಲಿ ಎಂಜಿ ಕಾರುಗಳು ತಯಾರಾಗುತ್ತಿವೆ.

ಕಾರು ಸಾಲಕ್ಕೆ ಬ್ಯಾಂಕಿಗೆ ಬರುವ ಹುಡುಗರದ್ದು ಒಂದೇ ಮಾತು: ‘ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಗೊತ್ತಾ ಸಾರ್?’ ಆ ಸೆಕೆಂಡುಗಳು ಅರ್ಧ ಕಥೆ ಮಾತ್ರ. ಉಳಿದರ್ಧ ಗೇರ್‌ಬಾಕ್ಸ್ ಒಳಗಿದೆ.

1886ರ ಮೊದಲ ಬೆಂಜ್ ಗಾಡಿಗೆ ಇದ್ದದ್ದು ಒಂದೇ ಗೇರ್. 1888ರಲ್ಲಿ ಕಾರ್ಲ್ ಬೆಂಜ್‌ನ ಹೆಂಡತಿ ಬರ್ತಾ ಇಬ್ಬರು ಗಂಡುಮಕ್ಕಳ ಜೊತೆ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಗಾಡಿ ಓಡಿಸಿಕೊಂಡು ಹೋದಳು. ಏರು ಬಂದಲ್ಲೆಲ್ಲ ಮಕ್ಕಳು ಇಳಿದು ತಳ್ಳಬೇಕಾಯಿತು. ಏರು ಹತ್ತಲು ಇನ್ನೊಂದು ಗೇರ್ ಬೇಕು ಅಂತ ಆಕೆ ಗಂಡನಿಗೆ ಹೇಳಿದಳಂತೆ. ಮುಂದೆ 1891ರಲ್ಲಿ ಫ್ರಾನ್ಸಿನ ಪನಾರ್-ಲೆವಾಸೋರ್ ಜೋಡಿ ಹಲ್ಲುಚಕ್ರಗಳನ್ನು ಸರಿಸಿ ಗೇರ್ ಬದಲಿಸುವ ಪದ್ಧತಿ ತಂದಿತು.

ಗೇರ್ ಎಂಜಿನ್ನಿನ ಶಕ್ತಿಯನ್ನು ಒಂದು ಗುಲಗಂಜಿಯಷ್ಟೂ ಹೆಚ್ಚಿಸುವುದಿಲ್ಲ. ನಮ್ಮ ಬ್ಯಾಂಕಿನ ಲೆಕ್ಕದಲ್ಲಿ ಹೇಳುವುದಾದರೆ, ಅಸಲು ಅಷ್ಟೇ. ಕಂತು ದೊಡ್ಡದು ಮಾಡಿದರೆ ಅವಧಿ ಚಿಕ್ಕದಾಗುತ್ತೆ. ಗೇರಿನಲ್ಲೂ ಎಳೆತ ಜಾಸ್ತಿ ಬೇಕೆಂದರೆ ವೇಗ ಬಿಡಬೇಕು, ವೇಗ ಬೇಕೆಂದರೆ ಎಳೆತ ಬಿಡಬೇಕು. ಆಗುಂಬೆ ಘಾಟಿಯಲ್ಲಿ ಬಸ್ಸಿನ ಡ್ರೈವರ್ ಗೇರ್ ಇಳಿಸಿದಾಗ ಎಂಜಿನ್ ಕೂಗುತ್ತೆ, ಬಸ್ಸು ನಿಧಾನಕ್ಕೆ ಹತ್ತುತ್ತೆ. ಅಷ್ಟೇ ಸೂತ್ರ.

ಈಗ ಎಂಜಿಗೆ ಬರೋಣ. ಎಂಜಿ ಅಂದರೆ ಮೋರಿಸ್ ಗ್ಯಾರೇಜಸ್, ಇಂಗ್ಲೆಂಡಿನ ಆಕ್ಸ್‌ಫರ್ಡಿನದು. 1955ರಲ್ಲಿ ಅವರ ‘ಎಂಜಿಎ’ ಸ್ಪೋರ್ಟ್ಸ್ ಕಾರು ಬಂತು. ಅದರ 1489 ಸಿಸಿ ಎಂಜಿನ್ ಯಾವುದು ಗೊತ್ತೇ? ನಮ್ಮ ಅಂಬಾಸಡರಿನಲ್ಲಿ ದಶಕಗಟ್ಟಲೆ ದುಡಿದ ಬಿಎಂಸಿ ಎಂಜಿನ್ನಿನ ಒಡಹುಟ್ಟು! ಎಂಜಿಎಗೆ ಎರಡು ಕಾರ್ಬ್ಯುರೇಟರ್ ಇದ್ದವು, ಮೈ ಹಗುರ ಇತ್ತು.

ಎಂಜಿಎಯ ಮೊದಲ ಗೇರಿನ ಅನುಪಾತ 3.64, ನಾಲ್ಕನೆಯದ್ದು 1. ಹಿಂದಿನ ಆಕ್ಸಲ್‌ನಲ್ಲಿ ಇನ್ನೊಂದು 4.3. ಗುಣಿಸಿ ನೋಡಿ: ಮೊದಲ ಗೇರಿನಲ್ಲಿ ಚಕ್ರ ಒಂದು ಸುತ್ತು ಬರಲು ಎಂಜಿನ್ ಹದಿನೈದೂವರೆಗಿಂತ ಹೆಚ್ಚು ಸುತ್ತು ಸುತ್ತಬೇಕು. ಎಳೆತ ಭರ್ಜರಿ, ಕಾರು ಚಿಮ್ಮುತ್ತೆ. ಆದರೆ ಎಂಜಿನ್ ನಿಮಿಷಕ್ಕೆ 5,500 ಸುತ್ತು ತಲುಪುವಾಗ ಕಾರಿನ ವೇಗ ಗಂಟೆಗೆ 40 ಕಿ.ಮೀ. ಆಸುಪಾಸು ಮಾತ್ರ. ಮುಂದಿನ ಗೇರಿಗೆ ಹೋಗಲೇಬೇಕು. ನಾಲ್ಕನೆಯದರಲ್ಲಿ 4.3 ಸುತ್ತು ಸಾಕು, ಆದರೆ ಅದೇ ಎಂಜಿನ್ನಿನಿಂದ ಚಕ್ರಕ್ಕೆ ಸಿಗುವ ಎಳೆತ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

1959ರಲ್ಲಿ ಇಂಗ್ಲೆಂಡಿನಲ್ಲಿ ಎಂ1 ಹೆದ್ದಾರಿ ತೆರೆಯಿತು. ಗಂಟೆಗಟ್ಟಲೆ ಒಂದೇ ವೇಗದಲ್ಲಿ ಹೋಗುವ ರಸ್ತೆಯಲ್ಲಿ ಚಿಮ್ಮುವುದಕ್ಕಿಂತ ಉಸಿರು ಉಳಿಸಿಕೊಳ್ಳುವುದು ಮುಖ್ಯ. 1962ರಲ್ಲಿ ಬಂದ ಎಂಜಿಬಿಯಲ್ಲಿ ಆಕ್ಸಲ್ ಅನುಪಾತ 3.9ಕ್ಕೆ ಇಳಿಯಿತು. ಹೆಚ್ಚಿಗೆ ದುಡ್ಡು ಕೊಟ್ಟವರಿಗೆ ‘ಓವರ್‌ಡ್ರೈವ್’ ಕೂಡ ಸಿಗುತ್ತಿತ್ತು. ಅದು ಅನುಪಾತವನ್ನು ಇನ್ನೂ 20 ಶೇಕಡಾ ಇಳಿಸುತ್ತಿತ್ತು. ನೂರರ ವೇಗದಲ್ಲಿ ಸುಮಾರು 3,500 ಸುತ್ತುತ್ತಿದ್ದ ಎಂಜಿನ್ 2,800ಕ್ಕೆ ಇಳಿಯಿತು. ಸದ್ದು ಕಡಿಮೆ, ಸವೆತ ಕಡಿಮೆ, ಪೆಟ್ರೋಲೂ ಉಳಿತಾಯ.

ನಮ್ಮ ದೇಶದಲ್ಲಿ ಇದು ನಿಧಾನಕ್ಕೆ ಬಂತು. ಅಂಬಾಸಡರಿಗೆ ಬಹುಕಾಲ ನಾಲ್ಕೇ ಗೇರ್. 1990ರ ದಶಕದಲ್ಲಿ ಇಸುಜು ಎಂಜಿನ್ ಬಂದಾಗ ಐದನೆಯದು ಸಿಕ್ಕಿತು. ಹಳೆಯ ಕಾರನ್ನು ಆಡಿಕೊಳ್ಳುವ ಮೊದಲು ಆಗಿನ ರಸ್ತೆಗಳನ್ನು ನೆನೆಯಿರಿ. ಹೊಂಡ, ದನ, ಚಕ್ಕಡಿಗಳ ನಡುವೆ ಐದನೇ ಗೇರ್ ಹಾಕುವುದೆಲ್ಲಿ? ಅಹಮದಾಬಾದ್-ವಡೋದರಾ ನಡುವಿನ 93 ಕಿ.ಮೀ. ಎಕ್ಸ್‌ಪ್ರೆಸ್ ವೇ 2004ರ ಹೊತ್ತಿಗೆ ಬಂದ ಮೇಲೆ ಈ ಕಡೆಯವರಿಗೆ ಅದರ ಬೆಲೆ ಗೊತ್ತಾಯಿತು.

ಹುಡುಗರಿಗೆ ನಾನು ಹೇಳುವ ಮಾತು ಇಲ್ಲಿದೆ. ಐದನೇ ಗೇರ್ ಇರುವುದು ಒಂದೇ ವೇಗದಲ್ಲಿ ಹೋಗುವುದಕ್ಕೆ, ನುಗ್ಗುವುದಕ್ಕಲ್ಲ. ಎದುರಿನಿಂದ ಗಾಡಿ ಬರುವ ಎರಡು ಸಾಲಿನ ರಸ್ತೆಯಲ್ಲಿ ಅದೇ ಗೇರಿನಲ್ಲಿದ್ದು, ಆಕ್ಸಿಲರೇಟರ್ ಒತ್ತಿ ಲಾರಿ ದಾಟುತ್ತೇನೆ ಅಂದರೆ ಗಾಡಿ ತಕ್ಷಣ ಏಳುವುದಿಲ್ಲ. ಆ ನಾಲ್ಕೈದು ಸೆಕೆಂಡಿನಲ್ಲಿ ಜೀವ ಹೋಗಬಹುದು. ಮೊದಲು ಗೇರ್ ಇಳಿಸಿ, ಆಮೇಲೆ ದಾಟಿ. ಇಲ್ಲವೇ ಹಿಂದೆಯೇ ಇರಿ.

ಈಗ ಚಕ್ರ ಒಂದು ಸುತ್ತು ಬಂದಿದೆ. 2024ರಿಂದ ಹಾಲೋಲ್‌ನಲ್ಲಿ ತಯಾರಾಗುತ್ತಿರುವ ವಿಂಡ್ಸರ್ ವಿದ್ಯುತ್ ಕಾರಿಗೆ ಒಂದೇ ಗೇರ್, ಬೆಂಜ್ ಗಾಡಿಯ ಹಾಗೆ! ವಿದ್ಯುತ್ ಮೋಟಾರ್ ನಿಂತಲ್ಲಿಂದಲೇ ಪೂರ್ತಿ ಎಳೆಯುತ್ತೆ, ಪೆಟ್ರೋಲ್ ಎಂಜಿನ್ನಿಗಿಂತ ಎಷ್ಟೋ ವೇಗವಾಗಿ ಸುತ್ತುತ್ತೆ. ಹಾಗಂತ ಸೂತ್ರ ಸತ್ತಿಲ್ಲ. 2019ರಲ್ಲಿ ಪೋರ್ಷೆ ತನ್ನ ವಿದ್ಯುತ್ ಸ್ಪೋರ್ಟ್ಸ್ ಕಾರು ಟೈಕಾನ್‌ನ ಹಿಂದಿನ ಆಕ್ಸಲ್‌ಗೆ ಎರಡು ಗೇರ್ ಇಟ್ಟಿತು: ಚಿಮ್ಮಲು ಒಂದು, ಓಡಲು ಒಂದು. ಬರ್ತಾ ಬೆಂಜ್ ಕೇಳಿದ್ದೂ ಅಂಥದ್ದೇ ಅಲ್ಲವೇ?