ಮೊದಲು ಯಾರ ಮಾತು ಕೇಳಬೇಕು?

2008ರ ಮೇ ತಿಂಗಳು, ಹಾಸ್ಟೆಲ್ ರೂಮು, ರಾತ್ರಿ ಹನ್ನೊಂದೂವರೆ. ಬೆಳಗಾದ್ರೆ ಬಿ.ಇ. ಪ್ರಾಜೆಕ್ಟ್ ತೋರಿಸಬೇಕು. ರೂಮ್‌ಮೇಟ್‌ನ ಕಂಪ್ಯೂಟರ್ ಎಕ್ಸ್‌ಪಿ ಲೋಗೋ ತೋರಿಸುತ್ತೆ, ನೀಲಿ ಪರದೆ ತೋರಿಸುತ್ತೆ, ಮತ್ತೆ ಮೊದಲಿಂದ ಶುರು. ನಾಲ್ಕು ತಿಂಗಳ ಕೋಡ್ ಅದರೊಳಗೇ ಇತ್ತು. ಬ್ಯಾಕಪ್ ಅನ್ನೋದು ನಮಗೆ ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಬರೆಯೋ ಉತ್ತರ ಅಷ್ಟೇ. ರಿಪೇರಿಯವನು ಫೋನಿನಲ್ಲೇ ತೀರ್ಪು ಕೊಟ್ಟ: “ಫಾರ್ಮ್ಯಾಟ್ ಹೊಡೀಬೇಕು ಸಾರ್, ಡೇಟಾ ಹೋಗುತ್ತೆ.”

ನನ್ನ ಟ್ರಂಕಿನಲ್ಲಿ ಒಂದು ಉಬುಂಟು ಸಿ.ಡಿ. ಇತ್ತು. ಆಗೆಲ್ಲ ಕೇಳಿದವರಿಗೆ ಅಂಚೆಯಲ್ಲಿ ಪುಕ್ಕಟೆ ಕಳಿಸ್ತಿದ್ರು. ಊರಿನ ವಿಳಾಸಕ್ಕೆ ಬಂದಿತ್ತು. (ಪೋಸ್ಟ್‌ಮ್ಯಾನ್ ಅಪ್ಪನಿಗೆ “ನಿಮ್ಮ ಹುಡುಗನಿಗೆ ಫಾರಿನ್ನಿಂದ ಸಿನಿಮಾ ಬಂದದೆ” ಅಂದಿದ್ದನಂತೆ.) ಡಿಲೀಟ್ ಕೀ ಒತ್ತಿ ಬಯೋಸ್ ಒಳಗೆ ಹೋದೆ. ‘ಫಸ್ಟ್ ಬೂಟ್ ಡಿವೈಸ್’ ಅನ್ನೋ ಸಾಲಿನಲ್ಲಿದ್ದ ಹಾರ್ಡ್ ಡಿಸ್ಕನ್ನು ಕೆಳಗಿಳಿಸಿ ಸಿ.ಡಿ.ಯನ್ನು ಮೇಲಕ್ಕೆ ಕೂರಿಸಿದೆ.

ಆ ಒಂದು ಸಾಲಿಗೆ ದೊಡ್ಡ ಇತಿಹಾಸವೇ ಇದೆ. 1952ರಲ್ಲಿ ಬಂದ ಐಬಿಎಂ 701ರಲ್ಲಿ ಅದು ಮೆನು ಅಲ್ಲ, ನಿಜವಾದ ಸ್ವಿಚ್ಚು. ಪಂಚ್ ಕಾರ್ಡು, ಟೇಪು, ಡ್ರಮ್ಮು, ಮೂರರಲ್ಲಿ ಒಂದರ ಕಡೆ ತಿರುಗಿಸಿ ‘ಲೋಡ್’ ಗುಂಡಿ ಒತ್ತಿದರೆ ಯಂತ್ರ ಅಲ್ಲಿಂದ ಮೊದಲ ಪದ ಓದಿಕೊಂಡು ಏಳುತ್ತಿತ್ತು. ಯಾರ ಮಾತು ಕೇಳಬೇಕು ಅಂತ ಎದುರಿಗೆ ನಿಂತ ಮನುಷ್ಯ ಹೇಳ್ತಿದ್ದ.

1981ರ ಐಬಿಎಂ ಪಿ.ಸಿ.ಯಲ್ಲಿ ಆ ಸ್ವಿಚ್ಚು ಮಾಯ. ಮೊದಲು ಎ ಡ್ರೈವಿನ ಫ್ಲಾಪಿ ನೋಡು, ಇಲ್ಲದಿದ್ದರೆ ಒಳಗಿನ ಚಿಪ್‌ನಲ್ಲಿರುವ ಬೇಸಿಕ್ ಭಾಷೆಗೆ ಹೋಗು, ಅಷ್ಟೇ. 1983ರ ಎಕ್ಸ್‌ಟಿ ಜೊತೆ 10 ಎಂಬಿ ಹಾರ್ಡ್ ಡಿಸ್ಕ್ ಬಂತು, ಸರದಿಯಲ್ಲಿ ಫ್ಲಾಪಿಯ ಹಿಂದೆ ನಿಂತಿತು. ಅದಕ್ಕೆ ಕಾರಣವೂ ಇತ್ತು ಅನ್ನಿ. ಖಾಲಿ ಹಾರ್ಡ್ ಡಿಸ್ಕಿಗೆ ಡಾಸ್ ಹಾಕೋಕೆ, ಕೆಟ್ಟಾಗ ಒಳಗೆ ಹೋಗೋಕೆ ಫ್ಲಾಪಿಯೇ ದಾರಿ.

ಎಡವಟ್ಟಾಗಿದ್ದು ಇಲ್ಲೇ. ಬಯೋಸ್ ಮಾಡೋದು ಇಷ್ಟು: ಡಿಸ್ಕಿನ ಮೊದಲ 512 ಬೈಟ್ ಓದು, ಅದರ ಕೈಗೆ ಯಂತ್ರ ಒಪ್ಪಿಸು. ಅದನ್ನು ಬರೆದವರು ಯಾರು ಅಂತ ಕೇಳೋ ಪದ್ಧತಿಯೇ ಇರಲಿಲ್ಲ. ಬಾಗಿಲು ತಟ್ಟಿದವರಿಗೆಲ್ಲ ಅಗಳಿ ತೆಗೆಯೋ ಮಗುವಿನ ಹಾಗೆ. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ ‘ಬ್ರೇನ್’ ಫ್ಲಾಪಿಯ ಆ ಜಾಗದಲ್ಲೇ ಮನೆ ಮಾಡಿತು. ಆಮೇಲೆ ಬಂದ ‘ಮೈಕೆಲ್ಯಾಂಜೆಲೋ’ ಹಾರ್ಡ್ ಡಿಸ್ಕಿಗೂ ಹತ್ತುತ್ತಿತ್ತು, ಮಾರ್ಚ್ 6 ಬಂತಂದ್ರೆ ಡೇಟಾ ಅಳಿಸುತ್ತಿತ್ತು. 1992ರಲ್ಲಿ ಪತ್ರಿಕೆಗಳು ಹೆದರಿಸಿದಷ್ಟು ಅನಾಹುತ ಆಗಲಿಲ್ಲ, ಅದು ಬೇರೆ ಮಾತು. ಆದ್ರೆ ಅದು ಹರಡಿದ ರೀತಿ ನೋಡಿ. ಬರೀ ಲೆಟರ್ ಇದ್ದ ಫ್ಲಾಪಿಯನ್ನು ರಾತ್ರಿ ಡ್ರೈವಿನಲ್ಲೇ ಮರೆತು ಹೋಗಿರ್ತೀರಿ. ಬೆಳಿಗ್ಗೆ ಆನ್ ಮಾಡಿದಾಗ “ಇದು ಸಿಸ್ಟಮ್ ಡಿಸ್ಕ್ ಅಲ್ಲ” ಅಂತ ಬರುತ್ತೆ, ಫ್ಲಾಪಿ ತೆಗೀತೀರಿ. ಅಷ್ಟರಲ್ಲಿ ಕೆಲಸ ಮುಗಿದಿರುತ್ತೆ! ಬೂಟ್ ಆಗದ ಫ್ಲಾಪಿಯಲ್ಲೂ ಆ 512 ಬೈಟ್ ಇರುತ್ತವೆ, ಓಡುತ್ತವೆ.

ಬಯೋಸ್ ಮೆನುವಿನಲ್ಲಿ ‘ಎ, ಸಿ’ ತೆಗೆದು ‘ಸಿ, ಎ’ ಮಾಡಿ ಅಂತ ಜನ ಒಬ್ಬರಿಗೊಬ್ಬರು ಹೇಳಿಕೊಂಡಿದ್ದು ಇದಕ್ಕೇ. 701ರ ಸ್ವಿಚ್ಚು ಮೆನುವಿನ ವೇಷದಲ್ಲಿ ನಮ್ಮ ಕೈಗೆ ವಾಪಸ್ ಬಂದಿತ್ತು.

ಸಿ.ಡಿ.ಯಿಂದ ಬೂಟ್ ಮಾಡೋದಕ್ಕೆ ನಿಯಮ ಬರೆದದ್ದು 1995ರಲ್ಲಿ, ಐಬಿಎಂ ಮತ್ತು ಫೀನಿಕ್ಸ್ ಸೇರಿ. ಅದರ ಹೆಸರು ‘ಎಲ್ ಟೊರೀಟೋ’. ಎಂಜಿನಿಯರುಗಳು ಊಟಕ್ಕೆ ಹೋಗ್ತಿದ್ದ ಕ್ಯಾಲಿಫೋರ್ನಿಯಾದ ಹೋಟೆಲಿನ ಹೆಸರಂತೆ. ಆ ನಿಯಮ ಇಲ್ಲದಿದ್ದರೆ ಅವತ್ತು ನನ್ನ ಸಿ.ಡಿ. ಕನ್ನಡಿ ಬದಲು ಮುಖ ನೋಡ್ಕೊಳ್ಳೋಕೆ ಮಾತ್ರ ಆಗ್ತಿತ್ತು. ರಾತ್ರಿ ಎರಡೂವರೆಗೆ ಪೂರ್ತಿ ಕೋಡ್ ಪೆನ್‌ಡ್ರೈವಿಗೆ ಬಂತು. ರೂಮ್‌ಮೇಟ್ ಗೋಡೆಗೆ ಒರಗಿ ಸುಮ್ಮನೆ ಅತ್ತುಬಿಟ್ಟ.

2012ರಲ್ಲಿ ವಿಂಡೋಸ್ 8 ಜೊತೆ ‘ಸೆಕ್ಯೂರ್ ಬೂಟ್’ ಮನೆಮನೆಗೆ ಬಂತು. ಈಗ ಆ ಮಗು ಬಾಗಿಲು ತೆಗೆಯೋ ಮೊದಲು ಸಹಿ ಕೇಳುತ್ತೆ. ಒಳ್ಳೆಯದೇ. ಆದ್ರೆ ಯಾರ ಸಹಿ ನಡೆಯುತ್ತೆ ಅನ್ನೋ ಪಟ್ಟಿ ನಾನು ಬರೆದದ್ದಲ್ಲ, ಫ್ಯಾಕ್ಟರಿಯಲ್ಲೇ ಬರೆದು ಕಳಿಸಿದ್ದು. ಆಫೀಸ್ ಲ್ಯಾಪ್‌ಟಾಪಿನ ಬಯೋಸಿಗೆ ಪಾಸ್‌ವರ್ಡ್ ಹಾಕಿದ್ರೆ ನಂದೇನೂ ತಕರಾರಿಲ್ಲ, ಯಂತ್ರ ಅವರದು. ಸಂಬಳದ ದುಡ್ಡಲ್ಲಿ ಕೊಂಡದ್ದರ ಮಾತೇ ಬೇರೆ.

ಹೋದ ವರ್ಷ ಮನೆಗೆ ಹೊಸ ಲ್ಯಾಪ್‌ಟಾಪ್ ತಂದಾಗ ಅರಿಶಿನ-ಕುಂಕುಮ ಹಚ್ಚೋಕೆ ಮೊದಲೇ ಎಫ್2 ಒತ್ತಿ ಕೂತಿದ್ದೆ. “ಹೊಸದನ್ನೇ ಯಾಕ್ರೀ ಕೆದಕ್ತೀರಾ?” ಅಂದಳು ಹೆಂಡತಿ. ನಾನು ಹುಡುಕ್ತಿದ್ದದ್ದು ಆ ಒಂದು ಸಾಲು, ಮೇಲೆ ಕೆಳಗೆ ಮಾಡೋಕೆ ಇನ್ನೂ ಬಿಡುತ್ತಾ ಅಂತ. ಬಿಟ್ಟಿತು.